ಎರಡೂ ಕಂಡೆನ್ಸರ್ ಉಲ್ಟಾ

"ಮಾಮ, ಇದು ತಪ್ಪಿ ಆಗಿದ್ದಲ್ಲ. ಬೇಕಂತ್ಲೇ ಮಾಡ್ಯಾರೆ."

ಮಾನಿಟರಿನ ಸುಟ್ಟ ಪವರ್ ಬೋರ್ಡನ್ನು ತನ್ನ ರಿಪೇರಿ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಇಷ್ಟು ಹೇಳುವಷ್ಟರಲ್ಲಿ ನಿಲೋಫರಳ ದನಿ ಒಡೆಯಿತು. ಎದುರಿನ ಸ್ಟೂಲಿನಲ್ಲಿ ಕೂತಿದ್ದ ಉಚ್ಚಂಗೆಪ್ಪನವರು ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು. ಬಾಗಿದ್ದೇನೋ ಸರಿ, ಕಂಡದ್ದು ಮಾತ್ರ ಒಂದು ಹಸಿರು ಹಲಗೆ, ಅದರ ಮೇಲೆ ಒಂದಿಷ್ಟು ಡಬ್ಬಿ, ಒಂದಿಷ್ಟು ಸುರುಳಿ, ಮಿಕ್ಕಿದ್ದೆಲ್ಲ ಮಸಿ.

ಉಚ್ಚಂಗೆಪ್ಪನವರು ರಿಟೈರಾದ ಹೆಡ್ ಕಾನ್‌ಸ್ಟೇಬಲ್. ಜಗಳೂರಿನ ಬಾಯಲ್ಲಿ ಇವತ್ತಿಗೂ ದಫೇದಾರ್ರು. ಕುರಿ ಕದ್ದವನ ಚಪ್ಪಲಿಯ ಗುರುತು ಹಿಡಿದು ಬಿಳಿಚೋಡಿನವರೆಗೂ ನಡೆದು ಹೋಗಿ, ಅವನ ಮನೆಯಲ್ಲೇ ಮಜ್ಜಿಗೆ ಕುಡಿದು, ಅವನನ್ನೇ ಕರೆದುಕೊಂಡು ಬಂದ ಮನುಷ್ಯ. ಆದರೆ ಕರೆಂಟಿನ ವಿಷಯ ಬಂದರೆ ಫ್ಯಾನಿನ ಸ್ವಿಚ್ಚು ಯಾವುದು, ಲೈಟಿನದು ಯಾವುದು ಎಂದು ಹೆಂಡತಿಯನ್ನು ಕೇಳುವವರು.

ಆ ಹಲಗೆ ಹೊನ್ನಾಳಿಯ ರವಿಕುಮಾರನ ಕಂಪ್ಯೂಟರ್ ಅಂಗಡಿಯದು. ಕಳೆದ ವರ್ಷ ಅದರ ಮೇಲಿನ ಡಬ್ಬಿಯೊಂದು, ಕಂಡೆನ್ಸರ್ ಅನ್ನುವುದು, ಸಿಡಿದು ಅಲ್ಲಿನ ಕೆಲಸಗಾರ ಮೈಲಾರಿಯ ಎಡಗಣ್ಣು ಹೋಯಿತು. ರಿಪೇರಿ ಮಾಡಿದ್ದವನು ಅವನ ಜೊತೆಗಾರ ಆಕಿಬ್ ಎಂದು ಊರೆಲ್ಲ ಆಡಿಕೊಂಡಿತು. ಆಕಿಬ್ ಆಸ್ಪತ್ರೆಯಿಂದಲೇ ಮಾಯವಾದ.

ಆಕಿಬ್ ನಿಲೋಫರಳ ತಮ್ಮ. ತಾಯಿ ಇಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ತಮ್ಮನ ಹೆಸರಿಗೆ ಹತ್ತಿದ ಮಸಿ ತೊಳೆದು ಅವನನ್ನು ಮನೆಗೆ ಕರೆದುಕೊಂಡು ಬನ್ನಿ, ಅಷ್ಟು ಸಾಕು ಎಂದು ಅವಳು ಕೇಳಿದ್ದಳು. ಆಗಲಿ ತಾಯಿ ಎಂದು ಉಚ್ಚಂಗೆಪ್ಪನವರು ಮಾತು ಕೊಟ್ಟಿದ್ದರು. ಮಾತು ಕೊಡುವಾಗ ಅವರ ನಾಲಿಗೆ ಯಾವತ್ತೂ ತಲೆಗಿಂತ ಮುಂದೆ.

"ಸರಿಯಾಗಿ ಬಿಡಿಸಿ ಹೇಳವ್ವ. ನಂಗೆ ತಿಳಿಯೋ ಹಂಗೆ ಹೇಳು."

ನಿಲೋಫರ್ ಬಿಡಿಸಿ ಹೇಳಿದಳು. ಅವಳ ಅಂಗಡಿಗೆ ಬರುವ ಮಾನಿಟರುಗಳಲ್ಲಿ ಮುಕ್ಕಾಲುಪಾಲು ಬರುವುದು ಒಂದೇ ಕಾಯಿಲೆಯಿಂದ. ಸ್ವಿಚ್ ಒತ್ತಿದರೆ ಪರದೆ ಒಮ್ಮೆ ಬೆಳಗಿ ಆರುತ್ತದೆ, ಕೆಳಗಿನ ಸಣ್ಣ ದೀಪ ಮಿಟುಕುತ್ತಲೇ ಇರುತ್ತದೆ. ಪರದೆಯೇ ಹೋಯಿತೆಂದು ಜನ ಕೈತೊಳೆದುಕೊಳ್ಳುತ್ತಾರೆ. ಹಿಂಬದಿ ಬಿಚ್ಚಿ ನೋಡಿದರೆ ಪವರ್ ಬೋರ್ಡಿನ ಮೇಲೆ ಒಂದೋ ಎರಡೋ ಕಂಡೆನ್ಸರ್ ತಲೆ ಉಬ್ಬಿಸಿಕೊಂಡು ಕೂತಿರುತ್ತದೆ, ಸೋಡಾ ಹಾಕಿದ ಹಿಟ್ಟಿನ ಹಾಗೆ. ಅದನ್ನು ಕಿತ್ತು ಹೊಸದು ಕೂರಿಸಿದರೆ ಸತ್ತ ಮಾನಿಟರ್ ಎದ್ದು ಕೂರುತ್ತದೆ. ಕೂರಿಸುವಾಗ ನೆನಪಿಡಬೇಕಾದ್ದು ಒಂದೇ.

"ಡಬ್ಬಿ ಮೈಮ್ಯಾಲೆ ಪಟ್ಟೆ ಐತಲ್ಲ ಮಾಮ, ಅದು ಮೈನಸ್ ಕಾಲು. ಬೋರ್ಡಿನ ಮ್ಯಾಲೆ ದುಂಡಗೆ ಗೆರೆ ಹಾಕಿ ಅರ್ಧಕ್ಕೆ ಬಣ್ಣ ತುಂಬಿರ್ತಾರೆ. ಪಟ್ಟೆ ಬಣ್ಣದ ಕಡೆಗೇ ಬರ್ಬೇಕು, ನಾವು ನೆಲ ಅಂತೀವಲ್ಲ, ಆ ಗ್ರೌಂಡಿನ ಕಡೆಗೆ. ತಿರುಗಿಸಿ ಹಾಕಿದ್ರೆ ಕರೆಂಟ್ ಕೊಟ್ಟ ಮ್ಯಾಲೆ ಕಾಯ್ದು ಕಾಯ್ದು ಸಿಡೀತೈತೆ."

ಬೋರ್ಡಿನಲ್ಲಿ ಹೊಸದಾಗಿ ಕೂರಿಸಿದ ಕಂಡೆನ್ಸರ್ ಎರಡಿದ್ದವು. ಒಂದು ಸಿಡಿದು ಬುಡವಷ್ಟೇ ಉಳಿದಿತ್ತು. ಬುಡಕ್ಕೆ ಅಂಟಿಕೊಂಡ ಪ್ಲಾಸ್ಟಿಕ್ ಸಿಪ್ಪೆಯಲ್ಲಿ ಪಟ್ಟೆಯ ಚೂರು ಕಾಣುತ್ತಿತ್ತು. ಇನ್ನೊಂದು ಇಡಿಯಾಗಿಯೇ ಇತ್ತು. ಎರಡರ ಪಟ್ಟೆಯೂ ಬಣ್ಣವಿಲ್ಲದ ಕಡೆಗೆ ಮುಖ ಮಾಡಿತ್ತು.

"ಒಂದು ಉಲ್ಟಾ ಆದ್ರೆ ಅವಸರ ಅನ್ನಬಹುದು," ಎಂದಳು ನಿಲೋಫರ್. "ಎರಡೂ ಉಲ್ಟಾ ಐತೆ. ಇದು ದ್ವೇಷ."

ಉಚ್ಚಂಗೆಪ್ಪನವರಿಗೆ ಮೊದಲು ನೆನಪಾದದ್ದು ರವಿಕುಮಾರ. ಅವನ ಮೀಸೆ ಅವರಿಗೆ ಮೊದಲ ದಿನದಿಂದಲೂ ಹಿಡಿಸಿರಲಿಲ್ಲ. ಎಲ್ಲಿಂದಲೋ ಕಳಪೆ ಮಾಲು ತರಿಸಿ ಹುಡುಗರ ಕೈಗೆ ಕೊಟ್ಟಿರಬೇಕು ಎಂದು ಒಂದು ಲೆಕ್ಕಾಚಾರ ಹಾಕಿಯೂ ಇಟ್ಟಿದ್ದರು. ನಿಲೋಫರ್ ತಲೆಯಾಡಿಸಿದಳು. ಮಾಲು ಅಸಲಿ, ಶಾಖ ತಡೆಯುವಂಥದ್ದು, ಅವಳೂ ಅದನ್ನೇ ಹಾಕುವುದು. ಅಲ್ಲದೆ ಬೋರ್ಡ್ ಕೇಳಿದ ಕೂಡಲೇ ರವಿಕುಮಾರ ಅಟ್ಟದಿಂದ ತಾನೇ ಇಳಿಸಿ, ಧೂಳು ಒರೆಸಿ ಕೊಟ್ಟಿದ್ದ. ತಪ್ಪಿತಸ್ಥ ಹಾಗೆ ಕೊಡುವುದಿಲ್ಲ. ಮೀಸೆ ಹಿಡಿಸಲಿಲ್ಲವೆಂದು ಯಾರ ಮೇಲಾದರೂ ಕೇಸು ಹಾಕಲಾಗುತ್ತದೆಯೇ. ದಫೇದಾರರು ಬೇಸರದಿಂದಲೇ ಅವನನ್ನು ಬಿಟ್ಟುಕೊಟ್ಟರು.

ಬೋರ್ಡನ್ನು ತಿರುಗಿಸಿ ಅವಳು ಬೆಸುಗೆ ತೋರಿಸಿದಳು. ಒಂದೊಂದು ಬೆಸುಗೆಯೂ ದುಂಡಗೆ, ಹೊಳಪಾಗಿ ಕೂತಿತ್ತು. ಸೀಸ ಸುರಿಯುವ ಮುಂಚೆ ಕಂಡೆನ್ಸರಿನ ಎರಡೂ ಕಾಲನ್ನು ಹೊರಕ್ಕೆ ಒಂದಿಷ್ಟು ಬಾಗಿಸಿದ್ದರು, ಅಲ್ಲಾಡಬಾರದೆಂದು. ಅವಳ ಅಬ್ಬಾ ಬುಡನ್‌ಸಾಬರು ಮಕ್ಕಳಿಬ್ಬರಿಗೂ ಕಲಿಸಿದ್ದ ಕೈ ಅದು.

"ಹಂಗಾದ್ರೆ ಇದು ಆಕಿಬಂದೇ ಕೈ ಅಲ್ವೇನವ್ವ?"

"ಮೈಲಾರಿನೂ ಆಕಿಬ್‌ನ ಪಕ್ಕ ಕೂತೇ ಕೆಲಸ ಕಲಿತೋನು ಮಾಮ. ಅವನ ಕೈಯೂ ಹಿಂಗೇ." ಅವಳ ಕಣ್ಣು ಸಣ್ಣಗಾಯಿತು. "ಗಿರಾಕಿಗಳೆಲ್ಲ ಆಕಿಬೇ ಬೇಕು ಅಂತಿದ್ರು. ಇವನಿಗೆ ಹೊಟ್ಟೆಕಿಚ್ಚು. ಆಕಿಬ್ ಟೆಸ್ಟ್ ಮಾಡುವಾಗ ಸಿಡೀಲಿ ಅಂತ ತಿರುಗಿಸಿಟ್ಟ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ."

ಕೇಳಲು ಕಥೆ ಚೆನ್ನಾಗಿತ್ತು. ಅಷ್ಟು ಚೆನ್ನಾಗಿರುವ ಕಥೆಗಳ ಮೇಲೆ ಉಚ್ಚಂಗೆಪ್ಪನವರಿಗೆ ಮೊದಲಿನಿಂದಲೂ ಗುಮಾನಿ. ನಾಳೆ ನ್ಯಾಮತಿಗೆ ಹೋಗಿ ಮೈಲಾರಿಯನ್ನೇ ಕೇಳುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು ಎಂದು ಎದ್ದರು.

ಎದ್ದವರು ನೇರ ಮನೆಗೆ ಹೋಗಿದ್ದರೆ ಈ ಕಥೆ ಬೇರೆಯೇ ದಾರಿ ಹಿಡಿಯುತ್ತಿತ್ತೋ ಏನೋ. ಗೋಡೆಯಾಚೆ, ಅಂಗಡಿಯ ಹಿಂದಿನ ಕೋಣೆಯ ಮೂಲೆಯಿಂದ ಬುಡನ್‌ಸಾಬರು ಕರೆದರು.

ಆ ಮೂಲೆ ಪೂರ್ತಿ ಅವರದು. ಒಂದು ಕಾಲದಲ್ಲಿ ಜಗಳೂರು ಸೀಮೆಯ ರೇಡಿಯೋಗಳೆಲ್ಲ ಆ ಮೇಜಿನ ಮೇಲೆ ಮಲಗಿ ಎದ್ದು ಹೋದವು. ಈಗ ಯಾರೋ ಷೋಕಿಗೆ ಇಟ್ಟುಕೊಂಡ ಒಂದು ಹಳೇ ಟ್ರಾನ್ಸಿಸ್ಟರ್ ಸೆಟ್ಟು ಬಿಚ್ಚಿಕೊಂಡಿತ್ತು. ಮುದುಕರ ಕೈ ಇವತ್ತಿಗೂ ಅಲುಗುವುದಿಲ್ಲ. ಅಲುಗುತ್ತಿದ್ದುದು ನೆನಪು. ಬೆಳಿಗ್ಗೆ ತಿಂದ ರೊಟ್ಟಿ ಮಧ್ಯಾಹ್ನಕ್ಕೆ ಮರೆತಿರುತ್ತಿತ್ತು. ಹೊನ್ನಾಳಿಯ ಸುದ್ದಿಯನ್ನು ನಿಲೋಫರ್ ಅವರ ಕಿವಿಗೆ ಬೀಳದಂತೆ ಮುಚ್ಚಿಟ್ಟಿದ್ದಳು. ಆಕಿಬ್ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾನೆ ಎಂದಷ್ಟೇ ಹೇಳಿದ್ದಳು. ಊಟಕ್ಕೆ ಕೂತಾಗಲೆಲ್ಲ ಅವರು, ಆಕಿಬ್ ಉಂಡನೇ ಎಂದು ಕೇಳುತ್ತಿದ್ದರು. ಹೂಂ ಅಬ್ಬಾ, ಉಂಡ ಎನ್ನುತ್ತಿದ್ದಳು ಮಗಳು. ಆ ಸುಳ್ಳಿಗೆ ಅವಳಿಗೆ ಯಾವ ದೇವರೂ ಶಿಕ್ಷೆ ಕೊಡಲಾರ.

ಉಚ್ಚಂಗೆಪ್ಪನವರು ಪಕ್ಕದಲ್ಲಿ ಕೂತು, ಆಗತಾನೇ ಕಲಿತ ವಿದ್ಯೆ ಪ್ರದರ್ಶಿಸಲು ಹೊರಟರು. ಮೇಜಿನ ಮೇಲಿದ್ದ ಕಂಡೆನ್ಸರನ್ನು ಎತ್ತಿ, ಈ ಪಟ್ಟೆಯ ಕಾಲು ಮೈನಸ್ಸು, ಇದು ತಾನೇ ಸಾಬ್ರೇ ನೆಲಕ್ಕೆ ಹೋಗಬೇಕಾದ್ದು ಎಂದರು.

ಬುಡನ್‌ಸಾಬರು ನಕ್ಕರು. ಹಲ್ಲಿಲ್ಲದ ನಗು, ಮಗುವಿನದರಂತೆ.

"ಯಾರು ಹೇಳಿದ್ರು ನಿಮಗೆ? ಪ್ಲಸ್ ನೆಲಕ್ಕೆ. ಚನ್ನಗಿರಿ ಉಸ್ತಾದರು ನನ್ನ ಕೂರಿಸ್ಕೊಂಡು ಹೇಳಿದ ಮೊದಲ್ನೇ ಪಾಠ ಅದು. ಮೊದ್ಲು ನೆಲ ಎಲ್ಲೈತೆ ಹುಡುಕು, ಆಮ್ಯಾಲೆ ಪ್ಲಸ್ ಕಾಲು ಅಲ್ಲಿಗೆ ಕೊಡು. ಬೋರ್ಡಿನ ಮ್ಯಾಲೆ ಬರೆದಿದ್ದು ನೋಡಬ್ಯಾಡ, ಬರೆಯೋರು ತಪ್ಪು ಬರೀತಾರೆ."

ಉಚ್ಚಂಗೆಪ್ಪನವರ ಕೈಯಲ್ಲಿದ್ದ ಕಂಡೆನ್ಸರ್ ಅಲ್ಲೇ ನಿಂತಿತು.

"ಮಾನಿಟರಿಗೂ ಹಂಗೇನಾ ಸಾಬ್ರೇ?"

"ಎಲ್ಲಾದಕ್ಕೂ ನೆಲ ಒಂದೇ ಅಲ್ವೇನ್ರಿ ದಫೇದಾರ್ರೇ," ಎಂದು ಬುಡನ್‌ಸಾಬರು ಮತ್ತೆ ಸೆಟ್ಟಿನ ಕಡೆ ತಿರುಗಿದರು.

ದಫೇದಾರರು ನಿಧಾನಕ್ಕೆ ನಿಲೋಫರಳ ಮೇಜಿನ ಹತ್ತಿರ ಬಂದರು. ಏನೂ ಆಗದವರಂತೆ ಎರಡು ಪ್ರಶ್ನೆ ಕೇಳಿದರು. ಹಳೇ ರೇಡಿಯೋಗಳಲ್ಲಿ ಪ್ಲಸ್ ನೆಲಕ್ಕೆ ಹೋಗುತ್ತದೆಯೇ? ಹೌದು, ಆ ಕಾಲದ ಟ್ರಾನ್ಸಿಸ್ಟರ್ ಸೆಟ್ಟುಗಳೆಲ್ಲ ಹಾಗೇ, ಈಗಿನವು ಅದಕ್ಕೆ ತದ್ವಿರುದ್ಧ ಎಂದಳು ಅವಳು, ಇನ್ನಾರದೋ ಮಾನಿಟರಿನ ಸ್ಕ್ರೂ ಬಿಚ್ಚುತ್ತ. ಆಕಿಬ್ ಹೊನ್ನಾಳಿಯಿಂದ ಅಬ್ಬಾಗೆ ಏನಾದರೂ ಕಳಿಸುತ್ತಿದ್ದನೇ? ಈ ಪ್ರಶ್ನೆಗೆ ಅವಳ ಮುಖ ಅರಳಿತು. ಹಾಳಾದ ಪವರ್ ಬೋರ್ಡುಗಳನ್ನು ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ಕಳಿಸುತ್ತಿದ್ದನಂತೆ. ಗುಜರಿಗೆ ಹೋಗುವ ಮಾಲು, ಅಬ್ಬಾಗೆ ಹೊತ್ತು ಹೋಗಲಿ, ತನಗಿನ್ನೂ ಕೆಲಸ ಇದೆ ಅಂದುಕೊಳ್ಳಲಿ ಎಂದು. ಅಬ್ಬಾ ಕೂತು ಎಲ್ಲ ರಿಪೇರಿ ಮಾಡುತ್ತಿದ್ದರು, ಮತ್ತೆ ಬಸ್ಸಿಗೇ ಹಾಕುತ್ತಿದ್ದರು.

"ಗುಜರಿ ಮಾಲು ವಾಪಸ್ ಯಾಕೆ ತರಿಸ್ಕೊಳ್ತಿದ್ದ?"

"ಅಬ್ಬಾಗೆ ಗುಮಾನಿ ಬರಬಾರ್ದಲ್ಲ ಮಾಮ," ಎಂದು ನಕ್ಕಳು.

ದೀಪದ ಬುಡ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ತಂದೆ ಊಟ ಮರೆಯುತ್ತಾರೆ, ವಾರ ಮರೆಯುತ್ತಾರೆ, ಇದೆಲ್ಲ ಅವಳಿಗೆ ಗೊತ್ತು. ಬೆಸುಗೆಯ ಐರನ್ ಹಿಡಿದ ತಂದೆ ತಪ್ಪು ಮಾಡಬಹುದು ಎನ್ನುವುದು ಮಾತ್ರ ಅವಳ ತಲೆಯ ಹೊಸ್ತಿಲನ್ನೂ ತುಳಿದಿರಲಿಲ್ಲ.

ಒಂದು ಉಲ್ಟಾ ಆದರೆ ಅವಸರ, ಎರಡೂ ಉಲ್ಟಾ ಆದರೆ ದ್ವೇಷ ಎಂದಿದ್ದಳು ಹುಡುಗಿ. ಮೂರನೆಯದೂ ಒಂದಿತ್ತು. ಅದು ನಂಬಿಕೆ. ಹೀಗೇ ಸರಿ ಎಂದು ಪೂರ್ತಿ ನಂಬಿ, ಶ್ರದ್ಧೆಯಿಂದ, ದುಂಡಗೆ ಬೆಸುಗೆ ಹಾಕಿದ ಕೈ.

ತಮ್ಮ ಮುಖ ಅವಳಿಗೆ ಕಾಣಬಾರದೆಂದು ಉಚ್ಚಂಗೆಪ್ಪನವರು ಬರುತ್ತೇನವ್ವ ಎಂದು ಗಡಿಬಿಡಿಯಲ್ಲಿ ಹೊರಬಿದ್ದರು. ಬೋರ್ಡನ್ನು ಅಲ್ಲೇ ಮರೆತರು. ಅಷ್ಟು ವರ್ಷ ಸರ್ವಿಸ್ ಮಾಡಿದವರು ಸಾಕ್ಷಿಯನ್ನು ಮೇಜಿನ ಮೇಲೆ ಬಿಟ್ಟು ಬಂದದ್ದು ಅದೇ ಮೊದಲು.

ಮರುದಿನ ದಾವಣಗೆರೆಯಲ್ಲಿ ಬಸ್ ಬದಲಿಸಿ, ಹೊನ್ನಾಳಿ ದಾಟಿ, ನ್ಯಾಮತಿ ಮುಟ್ಟುವ ತನಕ ಅವರು ಕಿಟಕಿಯಾಚೆ ಏನೂ ನೋಡಲಿಲ್ಲ. ಪಕ್ಕದಲ್ಲಿ ಸೂರಗೊಂಡನಕೊಪ್ಪಕ್ಕೆ ಹರಕೆ ಹೊತ್ತು ಹೊರಟಿದ್ದ ಮುದುಕಿಯೊಬ್ಬಳು, ಮನೆಯಲ್ಲಿ ಏನಾದರೂ ಕಷ್ಟವೇ ಅಣ್ಣಾ ಎಂದು ವಿಚಾರಿಸಿದಳು. ನಮ್ಮ ಮನೆಯದಲ್ಲ ಎಂದರು. ಬೇರೆಯವರ ಮನೆಯದಕ್ಕೆ ಇಷ್ಟು ಮುಖ ಬಾಡಬಾರದು ಎಂದು ಅವಳು ಕೊಟ್ಟ ಕಡಲೆಬೀಜವನ್ನು ಸುಮ್ಮನೆ ತಿಂದರು.

ಅವರಿಗಿದ್ದ ಸಂಕಟ ಇಷ್ಟೇ. ಮಗನನ್ನು ಮನೆಗೆ ತರಬೇಕೆಂದರೆ ತಂದೆಯ ಹೆಸರು ಹೇಳಬೇಕು. ತಂದೆಯ ಹೆಸರು ಹೇಳಿದರೆ ಆ ಮನೆಯಲ್ಲಿ ಉಳಿಯುವುದು ಏನು? ಇನ್ನೂ ಒಂದು ಆಸೆಯಿತ್ತು: ತಾನು ಊಹಿಸಿದ್ದೆಲ್ಲ ಸುಳ್ಳಾಗಲಿ, ಮೈಲಾರಿಯೇ ದುಷ್ಟನಾಗಿರಲಿ. ಒಬ್ಬ ಪೊಲೀಸಿನವನು ಹಾಗೆಲ್ಲ ಆಸೆ ಪಡಬಾರದು. ಅವರು ಪಟ್ಟರು.

ಮೈಲಾರಿಯ ಅಂಗಡಿ ನ್ಯಾಮತಿ ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಹಿಟ್ಟಿನ ಗಿರಣಿಗೆ ಒತ್ತಿಕೊಂಡಿತ್ತು. ಕಣ್ಣು ಹೋದ ಮೇಲೆ ಹೊನ್ನಾಳಿ ಬಿಟ್ಟು ಇಲ್ಲಿ ಸ್ವಂತಕ್ಕೆ ಇಟ್ಟುಕೊಂಡಿದ್ದ. ಹಿಂದೊಮ್ಮೆ ಉಚ್ಚಂಗೆಪ್ಪನವರು ಬಂದಿದ್ದಾಗ, ಮಾಡಿದ್ದು ಆಕಿಬೇ, ಆದರೆ ನನಗೆ ಅವನ ಮೇಲೆ ಸಿಟ್ಟಿಲ್ಲ ಎಂದಿಷ್ಟೇ ಹೇಳಿ ಬಾಯಿಗೆ ಬೀಗ ಹಾಕಿದ್ದ.

ಇವತ್ತೂ ನಗುತ್ತಲೇ ಎದ್ದು ನಿಂತ. ನಿಲೋಫರಕ್ಕ ಹೇಗಿದ್ದಾರೆ, ಬುಡನ್‌ಸಾಬರು ಊಟ ಸರಿಯಾಗಿ ಮಾಡುತ್ತಾರಾ ಎಂದು ಕೇಳಿದ. ಕೇಳಿದ ರೀತಿಯಲ್ಲಿ ನಾಟಕವಿರಲಿಲ್ಲ. ಗಿರಣಿ ಪಕ್ಕದ ಹೋಟೆಲಿನಿಂದ ಬಂದ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಬಗ್ಗಿಸುವ ಮುಂಚೆ ಲೋಟದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ. ಆದರೂ ಮೊದಲ ಧಾರೆ ಲೋಟದ ಆಚೆ ಬಿತ್ತು.

ಉಚ್ಚಂಗೆಪ್ಪನವರು ಚಹಾ ಕುಡಿಯುತ್ತ ಗೋಡೆಯ ಕಡೆ ನೋಡಿದರು. ಹಲಗೆಯ ಮೇಲೆ ರಿಪೇರಿಯಾದ ಪವರ್ ಬೋರ್ಡುಗಳು ಒರಗಿಕೊಂಡಿದ್ದವು. ಒಂದನ್ನು ಎತ್ತಿ ತಿರುಗಿಸಿದರು. ದುಂಡನೆಯ ಬೆಸುಗೆ. ಹೊರಕ್ಕೆ ಬಾಗಿದ ಕಾಲುಗಳು.

"ಇವೆಲ್ಲ ಯಾರು ಮಾಡಿದ್ದು ಮೈಲಾರಿ?"

"ನಾನೇ. ಇನ್ಯಾರು ಬರ್ತಾರೆ ಇಲ್ಲಿಗೆ."

ದಫೇದಾರರು ಜೇಬಿನಿಂದ ಒಂದು ಬಾಲ್‌ಪೆನ್ನು ತೆಗೆದು ತುದಿ ಮೇಲಕ್ಕೆ ಮಾಡಿ ಹಿಡಿದುಕೊಂಡರು. ಮೇಜಿನ ಮೇಲಿದ್ದ ಇನ್ನೊಂದು ಪೆನ್ನನ್ನು ಅವನ ಕೈಗೆ ಕೊಟ್ಟು, ಇದರ ತುದಿಗೆ ಅದರ ತುದಿ ಮುಟ್ಟಿಸು ಎಂದರು. ಮೈಲಾರಿ ಕೈ ಚಾಚಿದ. ಪೆನ್ನು ಗಾಳಿಯಲ್ಲಿ ಮುಂದೆ ಹೋಯಿತು. ಇನ್ನೊಮ್ಮೆ ಚಾಚಿದ. ಈ ಸಲ ಹಿಂದೆಯೇ ನಿಂತಿತು. ಮೂರನೆಯ ಸಲ ಅವನು ಚಾಚಲಿಲ್ಲ, ಪೆನ್ನನ್ನು ಮೇಜಿನ ಮೇಲಿಟ್ಟ.

ಮಾಡಿಸಿದ ಮೇಲೆ ಉಚ್ಚಂಗೆಪ್ಪನವರಿಗೇ ತಮ್ಮ ಮೇಲೆ ಬೇಸರವಾಯಿತು. ಒಂದೇ ಕಣ್ಣಿನವನಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ, ಇಂಥ ಬೆಸುಗೆ ಅವನ ಕೈಯದಾಗಿರಲಾರದು ಎನ್ನುವುದು ಲೋಟದ ಆಚೆ ಬಿದ್ದ ಚಹಾದಲ್ಲೇ ಗೊತ್ತಾಗಿತ್ತು. ಅದನ್ನು ಮತ್ತೆ ಅವನ ಕೈಯಿಂದಲೇ ಮಾಡಿಸಿ ತೋರಿಸಬೇಕಿರಲಿಲ್ಲ.

"ಆಕಿಬ್ ಎಲ್ಲದಾನೆ?" ಎಂದು ಮೆತ್ತಗೆ ಕೇಳಿದರು.

ಮೈಲಾರಿ ಎದ್ದು ಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದು ಕೂತ.

"ಚನ್ನಗಿರೀಲಿ ಅದಾನೆ. ಚೆನ್ನಾಗದಾನೆ. ನಾನು ಇಲ್ಲಿ ಬಿಚ್ಚಿ ಬೋರ್ಡ್ ಬಸ್ಸಿಗೆ ಹಾಕ್ತೀನಿ, ಅವನು ಕಂಡೆನ್ಸರ್ ಬದಲಿಸಿ ಬಸ್ಸಿಗೆ ಹಾಕ್ತಾನೆ. ಗಿರಾಕಿ ಜೊತೆ ಮಾತಾಡೋದು ನಾನು. ನನ್ನ ಹೊಟ್ಟೆ ನಡೀತಿರೋದು ಅವನ ಕೈಯಿಂದ ದಫೇದಾರ್ರೇ."

ಬದುಕಿದ್ದಾನೆ. ಉಚ್ಚಂಗೆಪ್ಪನವರ ಎದೆಯ ಮೇಲಿನ ಕಲ್ಲೊಂದು ಇಳಿದಂತಾಗಿ, ಕಣ್ಣು ತುಂಬಿ, ಅದನ್ನು ಮರೆಸಲು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. ಕೂಡಲೇ ನಿಲೋಫರಳಿಗೆ ಫೋನ್ ಮಾಡಬೇಕೆಂದು ಜೇಬಿಗೆ ಕೈಹಾಕಿದರು. ಹಾಕಿದ ಕೈ ಹಾಗೇ ನಿಂತಿತು. ಸಿಕ್ಕಿದ್ದಾನೆ ಎಂದರೆ ಅವಳು ಮುಂದಿನ ಮಾತು ಕೇಳುತ್ತಾಳೆ: ಹಾಗಾದರೆ ಯಾಕೆ ಓಡಿದ?

"ಅವತ್ತು ಸಿಡಿದ ಬೋರ್ಡು ಜಗಳೂರಿಂದ ಬಂದಿತ್ತು. ಹೌದೋ ಅಲ್ಲೋ?"

ಮೈಲಾರಿಯ ಮುಖದ ಬಣ್ಣ ಇಳಿಯಿತು. ಯಾರಿಗೆಲ್ಲ ಹೇಳಿದ್ದೀರಿ ಎಂದ. ಯಾರಿಗೂ ಇಲ್ಲ ಎಂದರು. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಅವನು ಬಾಯಿ ಬಿಟ್ಟದ್ದು.

ಬುಡನ್‌ಸಾಬರಿಗೆ ಮರೆವು ಹತ್ತುತ್ತಿದೆ ಎಂದು ಮೊದಲು ಕಂಡದ್ದು ಆಕಿಬನಿಗೆ. ತಂದೆ ಮಾನಿಟರನ್ನು ರೇಡಿಯೋದಂತೆ ರಿಪೇರಿ ಮಾಡಿ ಕಳಿಸಿದ್ದರು. ತಪ್ಪು ಎಂದು ಅವರಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬೋರ್ಡು ಕಳಿಸುವುದನ್ನು ನಿಲ್ಲಿಸಲೂ ಮನಸ್ಸು ಬರಲಿಲ್ಲ. ಚೀಲ ಬರದಿದ್ದ ದಿನ ಮುದುಕರು ಬಸ್‌ ಸ್ಟ್ಯಾಂಡಿಗೆ ಹೋಗಿ ಕಾದು ನಿಲ್ಲುತ್ತಿದ್ದರಂತೆ. ಮನೆಯಲ್ಲಿ ಗುಜರಿ ಎಂದು ಹೇಳಿದ್ದರೂ ಅವು ಗಿರಾಕಿಗಳ ಬೋರ್ಡುಗಳೇ. ಹೀಗಾಗಿ ಅವರಿಂದ ಬಂದ ಒಂದೊಂದು ಬೋರ್ಡನ್ನೂ ಆಕಿಬ್ ಮತ್ತೆ ಬಿಚ್ಚಿ, ಕಂಡೆನ್ಸರ್ ತಿರುಗಿಸಿ ಕೂರಿಸಿ, ಆಮೇಲೆ ಗಿರಾಕಿಗೆ ಕೊಡುತ್ತಿದ್ದ. ಭೇಷಾಗಿ ಮಾಡಿದ್ದೀರಿ ಅಬ್ಬಾ ಎಂದು ಫೋನಿನಲ್ಲಿ ಹೇಳುತ್ತಿದ್ದ.

ಅವತ್ತು ಆಕಿಬ್ ನಮಾಜಿಗೆ ಹೋಗಿದ್ದ. ಗಿರಾಕಿಯೊಬ್ಬ ಬಂದು ತಲೆಯ ಮೇಲೆ ಕೂತ. ಮೈಲಾರಿಯೇ ಚೀಲದಿಂದ ಬೋರ್ಡು ತೆಗೆದು ಮಾನಿಟರಿಗೆ ಸಿಕ್ಕಿಸಿ, ಹಿಂಬದಿ ಮುಚ್ಚದೆ ಕರೆಂಟು ಕೊಟ್ಟು, ಏನೋ ವಾಸನೆ ಬಂತಲ್ಲ ಎಂದು ಬಗ್ಗಿ ನೋಡಿದ.

"ನಂದೂ ತಪ್ಪೈತೆ ದಫೇದಾರ್ರೇ. ನಾನು ನೋಡದೆ ಅಬ್ಬಾನ ಬೋರ್ಡ್ ಮುಟ್ಟಬ್ಯಾಡ ಅಂತ ಅವನು ಹೇಳಿದ್ದ."

ಆಸ್ಪತ್ರೆಯ ಮಂಚದ ಹತ್ತಿರ ಆಕಿಬ್ ಅವನ ಕಾಲು ಹಿಡಿದುಕೊಂಡು ಅತ್ತನಂತೆ. ಮಾಡಿದ್ದು ಆಕಿಬೇ ಅಂತ ಎಲ್ಲರಿಗೂ ಹೇಳು, ಅಬ್ಬಾನ ಹೆಸರು ಎತ್ತಬೇಡ ಎಂದನಂತೆ. ಹಾಗಿದ್ದರೆ ತಪ್ಪು ಒಪ್ಪಿಕೊಂಡು ಮನೆಯಲ್ಲೇ ಇರಬಹುದಿತ್ತಲ್ಲ, ಓಡಿ ಹೋದದ್ದೇಕೆ ಎಂದು ಉಚ್ಚಂಗೆಪ್ಪನವರು ಕೇಳಿದರು.

"ನಾನೂ ಅದನ್ನೇ ಕೇಳಿದೆ. ಅಬ್ಬಾ ಎದುರಿಗೆ ಕೂರಿಸ್ಕೊಂಡು ಕೇಳ್ತಾರೆ, ಹೆಂಗೆ ಹಾಕ್ದೆ, ಯಾವ ಕಾಲು ಎಲ್ಲಿಗೆ ಕೊಟ್ಟೆ ಅಂತ. ಅವರ ಮುಖ ನೋಡಿ ಸುಳ್ಳು ಹೇಳಾಕೆ ನನ್ನ ಕೈಲಿ ಆಗಲ್ಲ ಅಂದ. ಗೊತ್ತಾದ ದಿನ ಅವರು ಐರನ್ ಕೆಳಗಿಡ್ತಾರೆ, ಅನ್ನದ ತಟ್ಟೇನೂ ಕೆಳಗಿಡ್ತಾರೆ ಅಂದ."

ಮೈಲಾರಿ ಚೆಲ್ಲಿದ ಚಹಾವನ್ನು ಬಟ್ಟೆಯಿಂದ ಒರೆಸುತ್ತಿದ್ದ, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ. ಉಚ್ಚಂಗೆಪ್ಪನವರಿಗೆ ಈ ಹುಡುಗರಿಬ್ಬರ ಮೇಲೂ ತಡೆಯಲಾರದ ಅಕ್ಕರೆ ಬಂತು. ಬೈಯಬೇಕೆಂದೂ ಅನಿಸಿತು.

ಆಗ ಫೋನ್ ಬಡಿದುಕೊಂಡಿತು. ನಿಲೋಫರ್. ದಫೇದಾರರ ಕಿವಿ ಮಂದ, ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು. ಅಭ್ಯಾಸದ ಬೆರಳು ಅದನ್ನೇ ಒತ್ತಿತು.

"ಮಾಮ, ಬೋರ್ಡ್ ಬಿಟ್ಟು ಹೋಗಿದ್ರಿ. ನಾನೇ ತಗೊಂಡು ಬಂದೆ. ಹೊನ್ನಾಳಿ ಸ್ಟೇಷನ್ ಮುಂದೆ ಅದೀನಿ. ಮೈಲಾರಿ ಮ್ಯಾಲೆ ಕಂಪ್ಲೇಂಟ್ ಕೊಡ್ತೀನಿ."

ಮೈಲಾರಿಯ ಕೈಯಲ್ಲಿದ್ದ ಬಟ್ಟೆ ನಿಂತಿತು.

ಸ್ವಲ್ಪ ತಾಳು ತಾಯಿ, ನಾನು ಬಂದು ಮಾತಾಡುತ್ತೇನೆ, ಒಳಗೆ ಹೋಗಬೇಡ ಎಂದರು ಉಚ್ಚಂಗೆಪ್ಪನವರು. ಅವಳು ತಾಳುವ ಹಂತ ದಾಟಿದ್ದಳು. ನಿನ್ನೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ. ಬೆಳಿಗ್ಗೆ ಅಬ್ಬಾ ಮತ್ತೆ, ಆಕಿಬ್ ಉಂಡನೇ ಎಂದಾಗ ಹೂಂ ಎನ್ನಲು ಬಾಯಿ ಬರಲಿಲ್ಲವಂತೆ.

"ಎಲ್ಲಾ ಹೇಳಿಬಿಟ್ಟೆ ಮಾಮ. ಇನ್ನೆಷ್ಟು ದಿನ ಮುಚ್ಚಿಡೋದು. ಅಬ್ಬಾನೂ ಬಂದಾರೆ. ಒಳಗೆ ಇನ್ಸ್‌ಪೆಕ್ಟರಿಗೆ ಬೋರ್ಡ್ ತೋರ್ಸಿ ಬಿಡಿಸಿ ಹೇಳೋದು ಅವರೇ. ಅವರಷ್ಟು ಚೆನ್ನಾಗಿ ಯಾರು ಹೇಳ್ತಾರೆ?"

"ಬೋರ್ಡ್ ನೋಡಿದ್ರಾ ಸಾಬ್ರು?"

"ಇನ್ನೂ ಇಲ್ಲ. ಚೀಲದಾಗೇ ಐತೆ. ಒಳಗೆ ಹೋಗಿ ತೆಗೀತೀನಿ."

ಉಚ್ಚಂಗೆಪ್ಪನವರು ದಡಕ್ಕನೆ ಎದ್ದು ನಿಂತರು. ಬೇಡ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂಬುದಕ್ಕೆ ಅವರ ಹತ್ತಿರ ಇದ್ದುದು ಒಂದೇ ಉತ್ತರ, ಅದನ್ನು ಆ ಮುದುಕರ ಪಕ್ಕದಲ್ಲಿ ನಿಂತ ಮಗಳಿಗೆ ಫೋನಿನಲ್ಲಿ ಹೇಳುವುದು ಹೇಗೆ? ಅವರು ತಡವರಿಸುತ್ತಿದ್ದಾಗ ಮೈಲಾರಿ ಎದ್ದು ಬಂದ. ಫೋನು ಹಿಡಿದಿದ್ದ ಅವರ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಂಡ. ಈ ಸಲ ಅವನ ಅಂದಾಜು ತಪ್ಪಲಿಲ್ಲ.

"ನಿಲೋಫರಕ್ಕ, ನಾನು ಮೈಲಾರಿ. ನೀವು ಹೇಳಿದ್ದು ನಿಜ. ಎರಡೂ ನಾನೇ ಉಲ್ಟಾ ಹಾಕಿದ್ದು. ಬರೆಸಿಕೊಳ್ರಿ. ನಾನೂ ಬಂದು ಸೈನ್ ಹಾಕ್ತೀನಿ. ಆಕಿಬ್‌ನ ಮನೆಗೆ ಕರೆಸ್ಕೊಳ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ದಫೇದಾರರು ಸರ್ವಿಸಿನುದ್ದಕ್ಕೂ ನೋಡಿದ್ದರು. ತಾನು ಕದಿಯದ ಕುಂಬಳಕಾಯಿಯನ್ನು ತಾನಾಗಿ ಹೆಗಲಿಗೇರಿಸಿಕೊಳ್ಳುವವನನ್ನು ನೋಡಿರಲಿಲ್ಲ. ಇವನನ್ನು ತಡೆಯಬೇಕಾದ್ದು ಅವರ ಧರ್ಮ. ತಡೆದರೆ ಬುಡನ್‌ಸಾಬರು. ತಡೆಯದಿದ್ದರೆ ಕಣ್ಣು ಕಳೆದುಕೊಂಡವನೇ ಕೈಗೆ ಬೇಡಿ ಹಾಕಿಸಿಕೊಳ್ಳುತ್ತಾನೆ.

ಆ ಕಡೆಯಿಂದ ನಿಲೋಫರ್, ಸಿಟ್ಟಿಗಿಂತ ಹೆಚ್ಚು ಅಳುವಿದ್ದ ದನಿಯಲ್ಲಿ ಕೇಳಿದಳು.

"ಯಾಕೋ ಮೈಲಾರಿ? ಅವನು ನಿಂಗೇನು ಮಾಡಿದ್ದ?"

ಮೈಲಾರಿಯ ಇದ್ದ ಕಣ್ಣಿನಿಂದಲೂ ಇಲ್ಲದ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು.

ಅವಳೂ ಸ್ಪೀಕರ್ ಹಾಕಿದ್ದಳೇನೋ, ಫೋನಿನಲ್ಲಿ ಇನ್ನೊಂದು ದನಿ ಹತ್ತಿರ ಬಂತು. ಸಾವಧಾನದ ದನಿ, ಎಷ್ಟೋ ದಿನಗಳ ಮೇಲೆ ತುಂಬ ಸ್ಪಷ್ಟವಾಗಿದ್ದ ದನಿ.

"ಇವನು ಸುಳ್ಳು ಹೇಳ್ತಾನೆ ಮಗಳೇ. ಮೈಲಾರಿ ನಮ್ಮನೇಲಿ ಉಂಡ ಹುಡುಗ, ಅಂಥಾ ಕೆಲಸ ಮಾಡೋನಲ್ಲ. ನನ್ನ ಆಕಿಬೂ ಮಾಡೋನಲ್ಲ. ಕೊಡು ಇಲ್ಲಿ ಆ ಬೋರ್ಡು. ಯಾರ ಕೈಯಿದು ಅಂತ ನೋಡಿದ ಕೂಡ್ಲೆ ನಾನು ಹೇಳ್ತೀನಿ."

ಬ್ಯಾಡ ತಾಯಿ, ಕೊಡಬ್ಯಾಡ ಎಂದು ಉಚ್ಚಂಗೆಪ್ಪನವರು ಕೂಗುವಷ್ಟರಲ್ಲಿ ಚೀಲದ ಜಿಪ್ ಎಳೆದ ಸದ್ದು ಕೇಳಿಸಿತು.

"ತಗೊಳ್ಳಿ ಅಬ್ಬಾ," ಎಂದಳು ನಿಲೋಫರ್.